ಒಂಬತ್ತು ಅಂಕದ ಕೂಸು

ಹುಟ್ಟಿದ ಕೂಸಿನ ಕಿವಿ ಮಡಚಿ ನೋಡುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕೂಸು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿರುವುದಿಲ್ಲ, ಮೈಮೇಲಿನ ನೆತ್ತರು ಆರಿರುವುದಿಲ್ಲ, ಅಷ್ಟರಲ್ಲಿ ಅಜ್ಜಿಯೋ ಸೋದರತ್ತೆಯೋ ಮುಂದೆ ಬಂದು ಸೆರಗಿನ ತುದಿಯಿಂದ ಅದರ ಕಿವಿ ಒರೆಸಿ, ಅಂಚನ್ನು ಮಡಚಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹುಟ್ಟಿದಾಗ ಎಲ್ಲ ಕೂಸುಗಳೂ ಕೆಂಪಗೇ ಇರುತ್ತವೆ, ಮುಂದೆ ಯಾವ ಬಣ್ಣಕ್ಕೆ ತಿರುಗುತ್ತವೆ ಎಂಬುದು ಕಿವಿಯ ಅಂಚಿನಲ್ಲಿ ಗೊತ್ತಾಗುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಸಂತೆಯಲ್ಲಿ ಬದನೆಕಾಯಿ ಆರಿಸುವವರೂ ಅಷ್ಟು ಹೊತ್ತು ತಿರುಗಿಸಿ ಮುರುಗಿಸಿ ನೋಡುವುದಿಲ್ಲ.

ನನ್ನ ಕಿವಿಯನ್ನೂ ನೋಡಿದ್ದರಂತೆ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ ನಾನು ಹುಟ್ಟಿದೆ. "ಕಿವಿ ನೋಡಿದಾಕಿನ ನಿಮ್ಮಜ್ಜಿ ಎದ್ದು ಹಿತ್ತಲಕ್ಕ ಹೋದ್ಲು, ಮಧ್ಯಾಹ್ನದ ತನಕ ಒಳಗ ಬರಲಿಲ್ಲ" ಎಂದು ಅವ್ವ ನಗುನಗುತ್ತಲೇ ಹೇಳುತ್ತಿದ್ದಳು. ಇದರಲ್ಲಿ ನಗುವುದೇನಿದೆ ಎಂದು ನನಗೆ ಎಂದೂ ತಿಳಿಯಲಿಲ್ಲ. ದೊಡ್ಡವಳಾದ ಮೇಲೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಅವಲಕ್ಕಿ ತಿಂದು, ಚಹಾ ಕುಡಿದು, "ಹುಡುಗಿ ಓದ್ಯಾಳ, ನೌಕರಿ ಐತಿ, ಎಲ್ಲಾ ಚಲೋ ಐತ್ರಿ, ಆದ್ರ..." ಎಂದು ಮಾತು ಅಲ್ಲಿಗೇ ಬಿಟ್ಟು ಚಪ್ಪಲಿ ಹುಡುಕುತ್ತಿದ್ದರು. ಮೂರನೆಯ ಮನೆಯವರು ಹೀಗೆ ಎದ್ದಾಗ ನಾನು ಒಳಗಿನಿಂದ ಬಂದು, "ಆದ್ರ ಏನ್ರಿ? ಪೂರ್ತಿ ಹೇಳಿ ಹೋಗ್ರಿ" ಎಂದಿದ್ದೆ. ಅಪ್ಪ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಇಷ್ಟು ಸಿಟ್ಟು ಹೊತ್ತುಕೊಂಡೇ ನಾನು ನರ್ಸಾದೆ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಕಡೆಯ ಒಂದು ಊರಿನ ಆರೋಗ್ಯ ಕೇಂದ್ರಕ್ಕೆ ನನ್ನನ್ನು ಹಾಕಿದರು. ಎರಡು ಕೋಣೆ, ಒಂದು ವರಾಂಡ, ಹೆರಿಗೆಗೆ ಒಂದು ಕಬ್ಬಿಣದ ಮೇಜು. ಡಾಕ್ಟರು ವಾರದಲ್ಲಿ ಒಂದೆರಡು ದಿನ ಬರುತ್ತಿದ್ದರು. ಉಳಿದ ದಿನ ನಾನೇ ಎಲ್ಲ.

ಹುಟ್ಟಿದ ಕೂಸನ್ನು ನೋಡುವ ಕ್ರಮವನ್ನು ಟ್ರೈನಿಂಗಿನಲ್ಲಿ ನಮಗೆ ರಬ್ಬರಿನ ಗೊಂಬೆ ಇಟ್ಟುಕೊಂಡು ಕಲಿಸಿದ್ದರು. ಹುಟ್ಟಿದ ಒಂದು ನಿಮಿಷಕ್ಕೆ ಒಮ್ಮೆ, ಐದು ನಿಮಿಷಕ್ಕೆ ಇನ್ನೊಮ್ಮೆ ಗಡಿಯಾರ ಹಿಡಿದು ನೋಡಬೇಕು. ಉಸಿರು ಹೇಗಿದೆ, ಎದೆ ಬಡಿತ ಎಷ್ಟಿದೆ, ಕೈಕಾಲು ಮಡಚುತ್ತದೋ ಜೋತುಬಿದ್ದಿದೆಯೋ, ಅಂಗಾಲಿಗೆ ಬೆರಳಿನಿಂದ ಹೊಡೆದರೆ ಅಳುತ್ತದೋ ಇಲ್ಲವೋ, ಮೈಯ ಬಣ್ಣ ಹೇಗಿದೆ. ಒಂದೊಂದಕ್ಕೆ ಎರಡು ಅಂಕ, ಒಟ್ಟು ಹತ್ತು. ಕೈಕಾಲಿನ ತುದಿ ಮೊದಮೊದಲು ತುಸು ನೀಲಿ ಇದ್ದೇ ಇರುತ್ತದೆ, ಆದ್ದರಿಂದ ಬಣ್ಣಕ್ಕೆ ಒಂದು ಅಂಕ ಕಡಿಮೆ. ಹೀಗಾಗಿ ಗಟ್ಟಿ ಕೂಸೆಂದರೆ ಒಂಬತ್ತು ಅಂಕದ ಕೂಸು. ಗೊಂಬೆ ಮಾತ್ರ ಗುಲಾಬಿ ಬಣ್ಣದ್ದಾಗಿತ್ತು. ನಮ್ಮ ಸೀಮೆಯಲ್ಲಿ ಆ ಬಣ್ಣದ ಕೂಸನ್ನು ನಾನು ಕಂಡಿಲ್ಲ. ಕಲಿಸುವ ಮೇಡಂ ಅದನ್ನು ತಿಳಿದವರೇ. "ಚರ್ಮ ನೋಡಿ ಮೋಸ ಹೋಗಬೇಡಿ. ನಮ್ಮ ಮಕ್ಕಳಿಗೆ ತುಟಿ, ನಾಲಿಗೆ ನೋಡಬೇಕು. ನಾಲಿಗೆ ಎಲ್ಲರದೂ ಕೆಂಪೇ" ಎಂದಿದ್ದರು.

ಆ ಮಾತು ನನಗೆ ಎಷ್ಟು ಹಿಡಿಸಿತ್ತೆಂದರೆ, ಬೇರೆ ಕೇಂದ್ರಗಳ ನರ್ಸುಗಳು ಕೂಸನ್ನು ನೋಡದೆಯೇ ರಿಜಿಸ್ಟರಿನಲ್ಲಿ ಒಂಬತ್ತು, ಒಂಬತ್ತು ಎಂದು ಸಾಲುಸಾಲು ಬರೆಯುತ್ತಿದ್ದಾಗ ನಾನು ಒಂದೂ ಬಿಡದೆ ನೋಡಿ ಬರೆಯುತ್ತಿದ್ದೆ. ಆ ಬಗ್ಗೆ ನನಗೆ ಸೊಕ್ಕು ಕೂಡ ಇತ್ತು. ಜೊತೆಗೆ ನನ್ನದೇ ಒಂದು ಕಾಯಿದೆ ಮಾಡಿಕೊಂಡಿದ್ದೆ: ನನ್ನ ಹೆರಿಗೆ ಕೋಣೆಯಲ್ಲಿ ಯಾರೂ ಕೂಸಿನ ಕಿವಿ ಮುಟ್ಟುವಂತಿಲ್ಲ. ಮುಟ್ಟಿದವರಿಗೆ ಅಲ್ಲೇ ಮಂಗಳಾರತಿ. ಊರಿನಲ್ಲಿ ನನಗೆ ಸಿಡುಕಿನ ನರ್ಸಮ್ಮ ಎಂದು ಹೆಸರಾಯಿತು. ಅಂದರೆ ಅನ್ನಲಿ ಎಂದು ಬಿಟ್ಟೆ.

ಆ ದಿನ ಗುರುವಾರ, ಲಸಿಕೆ ಹಾಕುವ ದಿನ. ಬೇಸಿಗೆ. ಬೆಳಿಗ್ಗೆ ಹತ್ತು ಗಂಟೆಗೇ ವರಾಂಡದ ತುಂಬ ಕೂಸುಗಳನ್ನು ಎತ್ತಿಕೊಂಡ ತಾಯಂದಿರು. ಒಳಗೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಹುಡುಗಿಯೊಬ್ಬಳು, ಅವಳ ಜೊತೆ ಅವಳ ತಾಯಿ. ಶೇಂಗಾ ಕೀಳುವುದಕ್ಕೆ, ಕಳೆ ತೆಗೆಯುವುದಕ್ಕೆ ಕೂಲಿಗೆ ಹೋಗುವ ಹೆಂಗಸು. ಅಂಗೈ ಒರಟು, ಮಾತು ಕಡಿಮೆ. ಹೆರಿಗೆ ಸುಸೂತ್ರವಾಯಿತು. ಹೆಣ್ಣು ಕೂಸು. ಹುಟ್ಟಿದ ಕೂಡಲೇ ಅತ್ತಿತು. ಒರೆಸಿ, ಬಟ್ಟೆ ಬದಲಿಸಿ, ಒಂದು ನಿಮಿಷಕ್ಕೆ ನೋಡಿದೆ, ಎಂಟು. ಐದು ನಿಮಿಷಕ್ಕೆ ನೋಡಿದೆ, ಒಂಬತ್ತು. ನಾಲಿಗೆ ಕೆಂಪಗಿತ್ತು. ಆಣೆ ಮಾಡಿ ಹೇಳುತ್ತೇನೆ, ಆಗ ಕೆಂಪಗೇ ಇತ್ತು.

ನಾನು ರಿಜಿಸ್ಟರಿಗೆ ಬಗ್ಗಿದಾಗ ಹುಡುಗಿಯ ತಾಯಿ, ಈಗ ಅಜ್ಜಿಯಾದವಳು, ಮೆಲ್ಲಗೆ ಕೂಸಿನ ಕಿವಿಗೆ ಕೈ ಹಾಕಿದಳು. ಅಂಚು ಮಡಚಿ ಬೆಳಕಿಗೆ ಹಿಡಿದಳು.

"ಏ ಯಮ್ಮಾ, ಕೈ ತಗೀ!" ಎಂದು ಚೀರಿದೆ. "ಕೂಸು ಉಸಿರಾಡತೈತೋ ಇಲ್ಲೋ ನೋಡೂದು ಬಿಟ್ಟು ಬಣ್ಣ ನೋಡ್ತಿಯೇನು? ನಾಚಿಕಿ ಆಗಲ್ಲೇನು ನಿನಗ?"

ಅವಳು ಸುಟ್ಟಂತೆ ಕೈ ಹಿಂದಕ್ಕೆ ತೆಗೆದುಕೊಂಡಳು. ಮಾಸು ಬಿತ್ತು, ಬಾಣಂತಿಯ ರಕ್ತಸ್ರಾವ ಹತೋಟಿಯಲ್ಲಿತ್ತು. ಎಲ್ಲ ಸರಿಯಾಗಿದೆ ಎಂದು ಕೂಸನ್ನು ತಾಯಿಯ ಪಕ್ಕದಲ್ಲಿ ಮಲಗಿಸಿ, ಕೈ ತೊಳೆದು, ಲಸಿಕೆ ಹಾಕಲು ವರಾಂಡಕ್ಕೆ ಬಂದೆ.

ಸ್ವಲ್ಪ ಹೊತ್ತಿಗೆ ಅಜ್ಜಿ ಬಾಗಿಲಿಗೆ ಬಂದು ನಿಂತಳು. "ನರ್ಸಮ್ಮಾರ, ಕೂಸಿನ ಬಣ್ಣ ಯಾಕೋ ಸರಿ ಕಾಣವಲ್ದುರಿ. ಆಗ ಹಿಂಗಿರಲಿಲ್ರಿ."

ನನ್ನ ತಲೆ ಕೆಟ್ಟಿತು. ಕೈಯಲ್ಲಿ ಸಿರಿಂಜ್ ಇತ್ತು, ತೊಡೆಯ ಮೇಲೆ ಯಾರದೋ ಕೂಸಿತ್ತು, ಮುಂದೆ ಹತ್ತು ಹದಿನೈದು ಹೆಂಗಸರಿದ್ದರು. "ಬೈದರೂ ಬುದ್ಧಿ ಬರಲಿಲ್ಲೇನು ಯಮ್ಮಾ?" ಎಂದೆ. "ಹುಟ್ಟಿ ಅರ್ಧ ತಾಸು ಆಗಿಲ್ಲ, ಬಣ್ಣದ ಚಿಂತಿ ಹತ್ತಿತು ನಿನಗ. ಬೀಗರು ಏನಂತಾರೋ ಅಂತ ಹೆದರಿಕಿ ಬಂತೇನು? ಒಳಗ ಹೋಗು, ಮಗಳಿಗೆ ಕೂಸಿಗೆ ಹಾಲು ಕುಡಿಸಾಕ ಹೇಳು." ಹೆಂಗಸರು ಕಿಸಕ್ಕನೆ ನಕ್ಕರು. ನಾಲ್ಕು ಜನರ ಮುಂದೆ ಸರಿಯಾಗಿ ಹೇಳಿದೆ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು.

ಅವಳು ಹೋದಳು. ಮತ್ತೆ ಹತ್ತು ನಿಮಿಷಕ್ಕೆ ಬಂದಳು. "ನರ್ಸಮ್ಮಾರ, ಒಂದು ಸಲ ಬಂದು ನೋಡಿ ಹೋಗ್ರಿ. ಕೂಸು ಹಾಲಿಗೆ ಬಾಯಿ ಹಚ್ಚವಲ್ದು."

ಈ ಸಲ ನಾನು ಎದ್ದು ನಿಂತೇ ಮಾತಾಡಿದೆ. ಇವತ್ತು ಬರೆಯುವಾಗ ಬೆರಳು ಹಿಂಜರಿಯುತ್ತದೆ, ಆದರೂ ಆಡಿದ್ದನ್ನು ಆಡಿದ ಹಾಗೇ ಬರೆಯುತ್ತೇನೆ. "ಕರಿಕೂಸು ಹುಟ್ಟಿದ್ರ ಏನ್ ಬಾವಿಗೆ ಒಗೀತಿಯೇನು? ನನ್ನ ನೋಡು, ನಾನೂ ಕರ್ರಗ ಅದೀನಿ, ಸತ್ತೇನೇನು? ನಿಮ್ಮಂಥ ಅಜ್ಜಿಗಳಿಂದನ ಹೆಣ್ಣುಮಕ್ಕಳ ಬಾಳೇವು ಹಾಳಾಗೋದು." ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಬಿಡಲಿಲ್ಲ. ನನ್ನ ಅಜ್ಜಿಗೆ ಹೇಳಬೇಕಾಗಿದ್ದ ಮಾತು, ಚಪ್ಪಲಿ ಹುಡುಕುತ್ತಿದ್ದ ಆ ಮೂರು ಮನೆಯವರಿಗೆ ಹೇಳಬೇಕಾಗಿದ್ದ ಮಾತು, ಎಲ್ಲವನ್ನೂ ಆ ಕೂಲಿ ಹೆಂಗಸಿನ ಮೇಲೆ ಸುರಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು ಒಳಗೆ ಹೋದಳು.

ಮೂರನೆಯ ಸಲ ಅವಳು ಬರಿಗೈಯಲ್ಲಿ ಬರಲಿಲ್ಲ. ಕೂಸನ್ನೇ ಎತ್ತಿಕೊಂಡು ಬಂದಳು. ಸಾಲಿನಲ್ಲಿ ಕುಳಿತವರನ್ನು ದಾಟಿ ನನ್ನ ಮೇಜಿನ ಮೇಲೆ, ಲಸಿಕೆ ಕಾರ್ಡುಗಳ ಮೇಲೆಯೇ ಅದನ್ನು ಮಲಗಿಸಿ ಬಟ್ಟೆ ಬಿಚ್ಚಿದಳು. ಕಿರುಬೆರಳಿನಿಂದ ಅದರ ಗದ್ದ ಒತ್ತಿ ಬಾಯಿ ತೆರೆದು ಹಿಡಿದಳು.

"ಮೊದ್ಲು ನೋಡ್ರಿ," ಎಂದಳು. "ಆಮ್ಯಾಲೆ ಬೈರಿ."

ನಾಲಿಗೆ ನೀಲಿಯಾಗಿತ್ತು. ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. ಉಸಿರೆಳೆದಾಗ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತಿತ್ತು, ಗಂಟಲಿನಿಂದ ಸಣ್ಣಗೆ ನರಳುವ ಸದ್ದು ಬರುತ್ತಿತ್ತು. ನರ್ಸಿಂಗ್ ಓದದವರಿಗೂ ಗೊತ್ತಾಗುವಂತಿತ್ತು. ಓದದ ಒಬ್ಬಳಿಗೆ ಗೊತ್ತಾಗಿಯೂ ಇತ್ತು.

ಆಮೇಲೆ ನಾನು ಓಡಿದೆ. ರಬ್ಬರ್ ನಳಿಗೆ ಕೂಸಿನ ಬಾಯಿಗಿಟ್ಟು ಈ ತುದಿಯಿಂದ ನನ್ನ ಬಾಯಿಂದ ಎಳೆದೆ, ಗೊಣ್ಣೆಯಂಥ ಲೋಳೆ ಬಂತು. ಬಣ್ಣ ತುಸು ತಿರುಗಿತು, ಆದರೆ ಪಕ್ಕೆ ಸೆಳೆಯುವುದು ನಿಲ್ಲಲಿಲ್ಲ. ಮೂಲೆಯಲ್ಲಿ ಆಕ್ಸಿಜನ್ ಸಿಲಿಂಡರ್ ನಿಂತಿತ್ತು, ಅದನ್ನು ತಿರುಗಿಸಿ ತೆಗೆಯುವ ಚಾವಿ ಇರಲಿಲ್ಲ. ಚಾವಿ ಬೇಕೆಂದು ನಾನು ಎಷ್ಟು ಸಲ ಬರೆದುಕೊಟ್ಟಿದ್ದೆನೋ ನೆನಪಿಲ್ಲ. ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಸಿಲಿಂಡರಿಗೆ ಕೆಂಪು ಅಕ್ಷರದಲ್ಲಿ ನಂಬರ್ ಮಾತ್ರ ಚೆನ್ನಾಗಿ ಬರೆದಿದ್ದರು. ಅದನ್ನು ಕಾಲಿನಿಂದ ಒದ್ದೆ, ನನ್ನ ಕಾಲೇ ನೊಂದಿತು.

ಕೊಟ್ಟೂರಿನ ಕಡೆಯಿಂದ ಬಂದ ಟ್ರ್ಯಾಕ್ಸ್ ಜೀಪೊಂದನ್ನು ರಸ್ತೆಯಲ್ಲಿ ಅಡ್ಡಹಾಕಿ ನಿಲ್ಲಿಸಿದೆವು. ಡ್ರೈವರ್ ಕೂಸಿನ ಮುಖ ನೋಡಿ, ಸೀಟಿನವರನ್ನೆಲ್ಲ ಮಾತಿಲ್ಲದೆ ಇಳಿಸಿದ. ದೊಡ್ಡಾಸ್ಪತ್ರೆ ಮುಕ್ಕಾಲು ಗಂಟೆಯ ದಾರಿ. ನಾನು ಹೋಗುವಂತಿರಲಿಲ್ಲ, ಹಸಿ ಬಾಣಂತಿ ಮೇಜಿನ ಮೇಲಿದ್ದಳು, ಇನ್ನೊಬ್ಬ ಸಿಬ್ಬಂದಿ ಇರಲಿಲ್ಲ. ಅಜ್ಜಿ ಕೂಸನ್ನು ಕುಪ್ಪಸದೊಳಗೆ ಎದೆಗವಚಿಕೊಂಡು ಒಬ್ಬಳೇ ಹತ್ತಿದಳು. ನಾನು ಚೀಟಿ ಬರೆದುಕೊಟ್ಟೆ.

ಆ ಚೀಟಿಯ ವಿಷಯ ಹೇಳಲೇಬೇಕು. ಒಂದು ನಿಮಿಷಕ್ಕೆ ಎಂಟು, ಐದು ನಿಮಿಷಕ್ಕೆ ಒಂಬತ್ತು ಎಂದು ದಪ್ಪಗೆ ಬರೆದೆ. ಅದು ನಿಜ. ಅದರ ಕೆಳಗೆ "ಈಗಷ್ಟೇ ಉಸಿರಾಟದ ತೊಂದರೆ ಕಂಡುಬಂದಿದೆ" ಎಂದು ಬರೆದೆ. ಅದು ಸುಳ್ಳು. ಅಜ್ಜಿ ಮೊದಲ ಸಲ ಬಾಗಿಲಿಗೆ ಬಂದು ಅರ್ಧ ತಾಸಿನ ಮೇಲಾಗಿತ್ತು. ಕೂಸು ಸಾಯುತ್ತದೋ ಬದುಕುತ್ತದೋ ಗೊತ್ತಿಲ್ಲದ ಆ ಗಳಿಗೆಯಲ್ಲಿ ನನ್ನ ಕೈ ನನ್ನ ನೌಕರಿಯನ್ನು ನೋಡಿಕೊಂಡಿತು.

ಸಂಜೆಯ ತನಕ ಆ ಹುಡುಗಿ, "ನನ್ನ ಕೂಸು ಎಲ್ರಿ? ಅವ್ವ ಎಲ್ಲಿ ಹೋಗ್ಯಾಳ್ರಿ?" ಎಂದು ಕೇಳುತ್ತಲೇ ಇದ್ದಳು. ಬರುತ್ತಾರೆ, ಬರುತ್ತಾರೆ ಎಂದೆ. ಸಿಟ್ಟು ಮಾತ್ರ ಇಳಿಯಲಿಲ್ಲ. ಚಾವಿ ಕೊಡದವರ ಮೇಲೆ, ಮೀಟಿಂಗಿಗೆ ಹೋದ ಡಾಕ್ಟರ ಮೇಲೆ, ಕಿವಿ ನೋಡುವ ಈ ದರಿದ್ರ ಪದ್ಧತಿಯ ಮೇಲೆ. ಅಜ್ಜಿ ಮೊದಲೇ ಕಿವಿಗೆ ಕೈ ಹಾಕದೆ ಇದ್ದಿದ್ದರೆ ಅವಳ ಮಾತು ನನಗೆ ಸರಿಯಾಗಿ ಕೇಳಿಸುತ್ತಿತ್ತು ಎಂದು ಅವಳ ಮೇಲೂ ಸಿಟ್ಟಾದೆ. ಎಲ್ಲರ ಮೇಲೂ ಸುತ್ತಿ ಬಂದು ಕಡೆಗೆ ಅದು ಎಲ್ಲಿ ನಿಲ್ಲಬೇಕೋ ಅಲ್ಲಿ ಮಾತ್ರ ನಿಲ್ಲಲು ನಾನು ಬಿಡಲಿಲ್ಲ.

ಕೂಸು ಬದುಕಿತು. ದೊಡ್ಡಾಸ್ಪತ್ರೆಯಲ್ಲಿ ಐದು ದಿನ ಇದ್ದು ಬಂತು. ಪುಪ್ಪುಸಕ್ಕೆ ನೀರು ಸೇರಿತ್ತು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ.

ಆ ತಿಂಗಳ ಕೊನೆಗೆ ತಾಲೂಕಿನ ನರ್ಸುಗಳ ಮೀಟಿಂಗ್ ಇತ್ತು. ದೊಡ್ಡಾಸ್ಪತ್ರೆಯ ಮಕ್ಕಳ ಡಾಕ್ಟರು ಬಂದಿದ್ದರು. ಮಾತಿನ ನಡುವೆ ನನ್ನ ಊರಿನ ಹೆಸರು ಹಿಡಿದು, ಅಲ್ಲಿನ ಸಿಸ್ಟರ್ ಯಾರು ಎಂದು ಕೇಳಿದರು. ಎಲ್ಲ ಗೊತ್ತಾಗಿದೆ ಎಂದುಕೊಂಡು ಎದ್ದು ನಿಂತೆ.

"ಎಲ್ಲರೂ ನೋಡಿ ಇವರನ್ನ," ಎಂದರು ಡಾಕ್ಟರು. "ನೀವೆಲ್ಲ ಒಂಬತ್ತು ಬರೆದು ಕೈ ತೊಳ್ಕೊಂಡು ಹೋಗ್ತೀರಿ. ಇವರು ಒಂಬತ್ತು ಬರೆದ ಮೇಲೂ ಕೂಸನ್ನ ಬಿಡಲಿಲ್ಲ. ಹತ್ತು ಹತ್ತು ನಿಮಿಷಕ್ಕೆ ಹೋಗಿ ನಾಲಿಗೆ ನೋಡಿದ್ದಾರೆ. ನೀಲಿ ಕಂಡ ತಕ್ಷಣ ಕಳಿಸಿದ್ದಾರೆ. ಕೂಸಿನ ಅಜ್ಜಿಯೇ ನನ್ನ ಮುಂದೆ ಹೇಳಿದಳು."

ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ನರ್ಸೊಬ್ಬಳು ನನ್ನ ಬೆನ್ನು ತಟ್ಟಿದಳು. ನಾನು ಇಲ್ಲ ಎನ್ನಲಿಲ್ಲ. ನಕ್ಕೆನೋ ಏನೋ, ಅದೂ ನೆನಪಿಲ್ಲ. ಕುಳಿತುಕೊಂಡೆ.

ಬಸ್ಸಿನಲ್ಲಿ ಬರುವಾಗ ನನಗೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಆ ಮುದುಕಿ ಯಾಕೆ ಹಾಗೆ ಹೇಳಿದಳು? ನನ್ನನ್ನು ಅಣಕಿಸಲಿಕ್ಕೆ ಹೇಳಿದಳೇ? ಮುಂದಿನ ಹೆರಿಗೆಗೆ ಬೇಕಾಗುತ್ತೇನೆಂದು ಪೂಸಿ ಹೊಡೆದಳೇ? ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ದೂರು ಕೊಟ್ಟಿದ್ದರೂ ತಡೆದುಕೊಳ್ಳುತ್ತಿದ್ದೆ. ಈ ಚಪ್ಪಾಳೆಯನ್ನು ಏನು ಮಾಡುವುದು? ಮರುದಿನ ಬೆಳಿಗ್ಗೆ ಬಾಣಂತಿಯನ್ನು ನೋಡುವ ನೆಪ ಮಾಡಿಕೊಂಡು ತೂಕದ ಜೋಳಿಗೆ ಹೆಗಲಿಗೆ ಹಾಕಿ ಅವರ ಮನೆಗೆ ಹೋದೆ.

ಅಜ್ಜಿ ಕಾಲು ಚಾಚಿ ಕುಳಿತು, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಕೂಸು ಕಪ್ಪಗೆ, ಗುಂಡಗೆ ಇತ್ತು, ಕೈಕಾಲು ಬಡಿಯುತ್ತಿತ್ತು. ನನ್ನನ್ನು ನೋಡಿ ಅಜ್ಜಿ ಏಳಲು ಹೋದಳು, ಬೇಡವೆಂದು ಎದುರಿಗೆ ಕುಳಿತೆ.

"ಡಾಕ್ಟರ ಮುಂದ ಯಾಕ ಹಂಗ ಹೇಳಿದಿ ಯಮ್ಮಾ?" ಎಂದೆ. ದನಿ ಏರಿಯೇ ಇತ್ತು. "ನಾ ಎಲ್ಲಿ ನೋಡಿದ್ದೆ? ನಾ ನಿನಗ ಬೈಕೋಂತ ಕುಂತಿದ್ದೆ. ಯಾಕ ಸುಳ್ಳು ಹೇಳಿದಿ?"

ಅವಳು ಎಣ್ಣೆಯ ಕೈಯನ್ನು ಕೂಸಿನ ಎದೆಯ ಮೇಲೆ ಆಡಿಸುತ್ತಲೇ ಇದ್ದಳು. "ಮೊದ್ಲು ಕಿವಿ ನೋಡಿದ್ದು ಬಣ್ಣಕ್ಕನ," ಎಂದಳು. "ಅದಕ್ಕ ನೀ ಬೈದಿದ್ದು ಖರೆ ಐತಿ. ಹೆಣ್ಣು ಕೂಸು, ಚಿಂತಿ ಬರಂಗಿಲ್ಲೇನು. ಆಮ್ಯಾಲೆ ನೋಡಿದ್ದು ಬ್ಯಾರೆ. ನನ್ನವು ಎರಡು ಹಿಂಗ ನೀಲಿ ಆಗಿ ಹೋಗ್ಯಾವ. ನನಗ ಗೊತ್ತಿತ್ತು."

ಆಸ್ಪತ್ರೆಯಲ್ಲಿ ಮಾತು ಮಾತಿಗೆ ‘ರಿ’ ಹಚ್ಚಿದವಳು ತನ್ನ ಮನೆಯಲ್ಲಿ ನನಗೆ ‘ನೀನು’ ಎನ್ನುತ್ತಿದ್ದಳು. ಅದರಲ್ಲಿ ಸಿಟ್ಟು ಇರಲಿಲ್ಲ. ನಾನು ಅದನ್ನೇ ಹುಡುಕುತ್ತಿದ್ದೆ.

"ದೊಡ್ಡಾಸ್ಪತ್ರಿ ಬಾಗಿಲದಾಗ ಕುಂತಾವ ನಿನ್ನ ಚೀಟಿ ಓದಿದ," ಎಂದಳು. "ಒಂಬತ್ತು ಐತಿ, ಕೂಸು ಗಟ್ಟಿ ಐತಿ, ಪಾಳಿಗೆ ಕುಂದರು ಅಂದ. ಉಸಿರು ಹತ್ತೇತಿ ನೋಡಪ್ಪ ಅಂದೆ. ನಿನಗೇನ್ ಗೊತ್ತಾಗತೈತಿ ಬೇ, ಸುಮ್ನ ಕುಂದ್ರು ಅಂದ. ಅದಕ್ಕ ಹೇಳಿದೆ. ನಾ ಅಲ್ಲಪ್ಪಾ, ನಮ್ಮ ನರ್ಸಮ್ಮ ನೋಡ್ಯಾಳ, ಮೂರು ಸಲ ನಾಲಿಗಿ ನೋಡ್ಯಾಳ, ತಡ ಮಾಡಿದ್ರ ನಿನ್ನ ಮ್ಯಾಲೆ ಬರತೈತಿ ಅಂತ ಹೇಳಿ ಕಳಿಸ್ಯಾಳ ಅಂದೆ. ಅವಾಗ ಎದ್ದು ಓಡಿದ. ಡಾಕ್ಟರು ಬಂದು ಕೇಳಿದಾಗೂ ಅದನ್ನ ಹೇಳಿದೆ."

"ನೀನ ನೋಡೀನಿ ಅಂತ ಹೇಳಬೇಕಿತ್ತು," ಎಂದೆ. ನನ್ನ ದನಿ ಈಗ ಸಣ್ಣದಾಗಿತ್ತು.

ಅವಳು ಎಣ್ಣೆ ತಿಕ್ಕುವುದು ನಿಲ್ಲಿಸಿ ತಲೆ ಎತ್ತಿ ನನ್ನನ್ನು ನೋಡಿದಳು.

"ನಿನಗ ಹೇಳಿದ್ನಲ್ಲವ್ವ," ಎಂದಳು. "ನೀ ಕೇಳಿದೇನು?"